ಕೆಂಜಾಡಿ ಗುತ್ತನ್ನು ಹುಡುಕಿ ಬಂದವಳು

ಕಳೆದ ವಾರ ನಮ್ಮ ಮನೆಯೆದುರಿನ ರಸ್ತೆಗೆ ಡಾಂಬರು ಹಾಕಿದರು. ಚುನಾವಣೆ ಹತ್ತಿರ ಬಂದಿರಬೇಕು. ಡ್ರಮ್ಮಿನಲ್ಲಿ ಡಾಂಬರು ಕುದಿಯುವ ವಾಸನೆ ಒಳಗೆ ಬಂದದ್ದೇ ಹೆಂಡತಿ ಮೂಗು ಮುಚ್ಚಿಕೊಂಡು ಕಿಟಕಿ ಹಾಕಿದಳು. ನಾನು ಹೊರಗೆ ಹೋಗಿ ಗೇಟಿನ ಬಳಿ ನಿಂತೆ. ಆ ವಾಸನೆಯನ್ನೇ ಉಸಿರಾಡಿಕೊಂಡು ನಾನು ಒಂದು ಇಡೀ ಬೇಸಗೆ ಕಳೆದಿದ್ದೇನೆ. ತೊಂಬತ್ತೊಂದರಲ್ಲಿ ಕುವೈತಿನ ಎಣ್ಣೆಬಾವಿಗಳು ಉರಿಯುತ್ತಿದ್ದಾಗ ಮಧ್ಯಾಹ್ನವೇ ವ್ಯಾನಿಗೆ ಲೈಟು ಹಾಕಬೇಕಾಗುತ್ತಿತ್ತು. ಒಣಗಲು ಹಾಕಿದ ಬನಿಯನ್ ಸಂಜೆಗೆ ಕಪ್ಪಾಗಿರುತ್ತಿತ್ತು. ಆದರೆ ಈ ವಾಸನೆ ಬಂದಾಗ ನನಗೆ ನೆನಪಾಗುವುದು ಯುದ್ಧವಲ್ಲ, ಬಂದೂಕು ಹಿಡಿದ ಸಿಪಾಯಿಗಳೂ ಅಲ್ಲ. ನಮ್ಮೂರಿನ ಕೆಂಜಾಡಿ ಗುತ್ತಿನ ಮಹಾಬಲ ಧಣಿಗಳು ನೆನಪಾಗುತ್ತಾರೆ. ಅವರನ್ನು ನೆನೆದರೆ ನನಗೆ ಉಗುಳಬೇಕೆನಿಸುತ್ತದೆ, ಮೊನ್ನೆ ಗೇಟಿನ ಬಳಿ ನಿಂತು ಉಗುಳಿಯೂ ಬಿಟ್ಟೆ. ಡಾಂಬರಿನವರು ತಮಗೇ ಉಗುಳಿದ್ದೆಂದುಕೊಂಡು ನನ್ನನ್ನು ದುರುಗುಟ್ಟಿ ನೋಡಿದರು.

ಗುತ್ತು ಎಂದರೆ ತುಳುನಾಡಿನಲ್ಲಿ ಊರಿನ ದೊಡ್ಡ ಮನೆ. ಊರಿನ ದೈವದ ಮುಂದೆ ಮೊದಲ ಮರ್ಯಾದೆ ಆ ಮನೆಗೆ, ಊರಿನ ಗದ್ದೆಗಳೂ ಒಂದು ಕಾಲಕ್ಕೆ ಆ ಮನೆಯವೇ. ನಾವು ಕೆಂಜಾಡಿಯ ಒಕ್ಕಲು. ಭೂಮಸೂದೆ ಬಂದು ನಾವು ಉಳುತ್ತಿದ್ದ ಗದ್ದೆ ನಮ್ಮ ಹೆಸರಿಗಾದ ಮೇಲೂ ನನ್ನ ಅಪ್ಪ ಆ ಮನೆಯ ಅಂಗಳಕ್ಕೆ ಕಾಲಿಡುವಾಗ ಹೆಗಲ ಮೇಲಿನ ಬೈರಾಸನ್ನು, ಅಂದರೆ ಟವಲನ್ನು, ಕಂಕುಳಿಗೆ ಇಳಿಸುತ್ತಿದ್ದ. ಆ ಬೈರಾಸು ಇಳಿಯುವುದನ್ನು ನೋಡಿದರೆ ಮಹಾಬಲ ಧಣಿಗಳಿಗೆ ಹೊಟ್ಟೆ ತುಂಬುತ್ತಿತ್ತು. ಗದ್ದೆಗಳು ಕೈಬಿಟ್ಟ ಮೇಲೆ ಆ ಮನೆಗೆ ಉಳಿದ ಆದಾಯ ಅದೊಂದೇ.

ನನ್ನನ್ನು ಕುವೈತಿಗೆ ಕರೆಸಿಕೊಂಡದ್ದು ಇದೇ ಧಣಿಗಳು. ಅವರು ಅಲ್ಲಿ ಒಂದು ಕೇಟರಿಂಗ್ ಕಂಪೆನಿಯ ಮ್ಯಾನೇಜರ್ ಆಗಿದ್ದರು. ಜಾಬ್ರಿಯಾದ ಒಂದು ಆಸ್ಪತ್ರೆಗೆ ಊಟ ಒದಗಿಸುವುದು ನಮ್ಮ ಕೆಲಸ. ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದೆ, ವ್ಯಾನೂ ಓಡಿಸುತ್ತಿದ್ದೆ. ವೀಸಾ ಕೊಡಿಸಿದ್ದನ್ನು ಅವರು ದಿನಕ್ಕೊಂದು ಸಲವಾದರೂ ನೆನಪಿಸುತ್ತಿದ್ದರು. ಕಂಪೆನಿಯ ಯಜಮಾನ ಒಬ್ಬ ಕುವೈತಿ, ನಮ್ಮೆಲ್ಲರ ವೀಸಾಕ್ಕೆ ಹೊಣೆಯಾದ ಕಫೀಲ್. ಅವನು ಕೀಲಿಕೈ ತಿರುಗಿಸುತ್ತಾ ಆಫೀಸಿಗೆ ಬಂದರೆ ಧಣಿಗಳ ಬೆನ್ನು ಬಾಗುತ್ತಿದ್ದ ರೀತಿಯನ್ನು ನನ್ನ ಅಪ್ಪ ನೋಡಿದ್ದರೆ ಬೈರಾಸನ್ನು ಮತ್ತೆ ಹೆಗಲಿಗೆ ಏರಿಸಿಕೊಳ್ಳುತ್ತಿದ್ದನೋ ಏನೋ. ಅವನು ಅತ್ತ ಹೋದ ಕೂಡಲೇ ಇವರು ಇತ್ತ ಸೆಟೆದು ನಿಂತು ನಮ್ಮ ಮೇಲೆ ಗುತ್ತಿನ ಗತ್ತು ತೋರಿಸುತ್ತಿದ್ದರು. ಫ್ಲಾಟಿನ ಬಾಗಿಲಿಗೆ ‘ಕೆಂಜಾಡಿ’ ಎಂದು ಹಿತ್ತಾಳೆಯ ಫಲಕ, ಕಾರಿನ ಹಿಂದಿನ ಗಾಜಿನ ಮೇಲೆ ಕೆಂಜಾಡಿ, ಕಡೆಗೆ ಕಫೀಲನ ದುಡ್ಡಿನಲ್ಲಿ ಕೊಂಡ ಸಾರಿನ ವ್ಯಾನಿನ ಬೆನ್ನಿಗೂ ಇಂಗ್ಲಿಷ್ ಅಕ್ಷರಗಳಲ್ಲಿ ಕೆಂಜಾಡಿ.

ಇದರಲ್ಲಿ ಇನ್ನೊಂದು ತಮಾಷೆಯಿದೆ. ನಮ್ಮದು ಅಳಿಯಸಂತಾನ. ಮನೆ ತಾಯಿಯದು, ಮಕ್ಕಳು ತಾಯಿಯ ಮನೆಗೆ ಸೇರಿದವರು. ಗಂಡಸು ತನ್ನ ತಾಯಿಯ ಮನೆಯವನಾದರೂ ಅವನಿಗೆ ಹುಟ್ಟಿದ ಮಕ್ಕಳು ಆ ಮನೆಯವರಲ್ಲ. ಆ ಲೆಕ್ಕದಲ್ಲಿ ಧಣಿಗಳ ಮಕ್ಕಳಿಗೂ ಕೆಂಜಾಡಿಗೂ ಏನೂ ಸಂಬಂಧವಿಲ್ಲ. ಆದರೂ ಶಾಲೆಯಲ್ಲಿ ಅವರ ಹೆಸರಿನ ಹಿಂದೆ ಕೆಂಜಾಡಿಯನ್ನು ಅಂಟಿಸಿದ್ದರು. ಆ ಮಕ್ಕಳಿಗೆ ತುಳುವಿನಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಬರುತ್ತಿತ್ತು, ಕೆಂಜಾಡಿ ಎಂದರೆ ಒಂದು ಕಂಪೆನಿ ಎಂದು ಅವು ತಿಳಿದಿದ್ದವು.

ತೊಂಬತ್ತರ ಮಾರ್ಚಿನ ಒಂದು ಬೆಳಿಗ್ಗೆ ಆಸ್ಪತ್ರೆಯ ಅಡುಗೆಮನೆಯ ಹಿಂಬಾಗಿಲಲ್ಲಿ ನಾನು ಪಾತ್ರೆ ಇಳಿಸುತ್ತಿದ್ದಾಗ ಒಬ್ಬ ನರ್ಸ್ ವ್ಯಾನಿನ ಹಿಂದೆ ನಿಂತು ಆ ಅಕ್ಷರಗಳನ್ನೇ ನೋಡುತ್ತಿದ್ದಳು. ಸಾರಿನಲ್ಲಿ ಕೂದಲು ಸಿಕ್ಕಿರಬೇಕು, ಕಂಪ್ಲೇಂಟ್ ಹೇಳಲು ಬಂದಿದ್ದಾಳೆ ಎಂದುಕೊಂಡೆ. ಅವಳು ಹಿಂದಿಯಲ್ಲಿ ಇದು ಊರಿನ ಹೆಸರೋ, ದೇವರ ಹೆಸರೋ, ತಿಂಡಿಯ ಹೆಸರೋ ಎಂದು ಕೇಳಿದಳು. ಮನೆಯ ಹೆಸರು ಎಂದೆ. ಅವಳು ವ್ಯಾನಿನ ಬಾಗಿಲು ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಅವಳ ಹೆಸರು ಕಮಲಾ. ಊರು ಅಂಡಮಾನಿನ ಪೋರ್ಟ್ ಬ್ಲೇರ್. ಅವಳ ಅಜ್ಜನ ಅಜ್ಜನನ್ನು ಇಂಗ್ಲಿಷರು ಮಂಗಳೂರಿನ ಜೈಲಿನಿಂದ ಹಡಗು ಹತ್ತಿಸಿ ಕರಿನೀರಿನ ಶಿಕ್ಷೆಗೆ ಅಲ್ಲಿಗೆ ಕಳಿಸಿದ್ದರು. ಶಿಕ್ಷೆ ಮುಗಿದ ಮೇಲೂ ಅವನು ಊರಿಗೆ ಮರಳಲಿಲ್ಲ, ಅಲ್ಲೇ ಇನ್ನೊಬ್ಬ ಕೈದಿ ಹೆಂಗಸನ್ನು ಮದುವೆಯಾಗಿ ಗದ್ದೆ ಮಾಡಿದ. ಅವನ ಭಾಷೆ ಮಕ್ಕಳಿಗೆ ಬರಲಿಲ್ಲ. ಬಂದದ್ದು ಕೆಂಜಾಡಿ ಎಂಬ ಒಂದು ಹೆಸರು ಮತ್ತು ಅಲ್ಲಿ ವರ್ಷಕ್ಕೊಮ್ಮೆ ಸತ್ತ ಹಿರಿಯರಿಗೆಲ್ಲ ಸಾಲಾಗಿ ಎಲೆ ಹಾಕಿ ಬಡಿಸುತ್ತಾರೆ ಎಂಬ ಒಂದು ಮಾತು. ನಾವು ಅದಕ್ಕೆ ಅಗೆಲು ಎನ್ನುತ್ತೇವೆ. ಕಮಲಾಳ ಅಪ್ಪ ಬಂದರಿನಲ್ಲಿ ಕೆಲಸ ಮಾಡಿದವನು. ಮಂಗಳೂರು ಕಡೆಯ ಖಲಾಸಿ ಎಂದು ಯಾರು ಕಣ್ಣಿಗೆ ಬಿದ್ದರೂ ಹಿಡಿದು ನಿಲ್ಲಿಸಿ ಕೆಂಜಾಡಿ ಎಲ್ಲಿದೆ ಎಂದು ಕೇಳಿಕೇಳಿ ಮುದುಕನಾಗಿದ್ದ. ಅವನ ಆಸೆ ಬಹಳ ಸಣ್ಣದು. ತಾನು ಕಣ್ಣು ಮುಚ್ಚುವ ಮೊದಲು ಆ ಮನೆಯವರು ಅಗೆಲಿನ ದಿನ ಆ ಅಜ್ಜನ ಹೆಸರು ಹೇಳಿ ಒಂದು ಎಲೆ ಹಾಕಬೇಕು. ಪಾಲು ಬೇಡ, ಒಂದು ಹಿಡಿ ಮಣ್ಣೂ ಬೇಡ.

ನಾನು ಆ ಸಂಜೆಯೇ ಧಣಿಗಳಿಗೆ ಹೇಳಿದೆ. ಅಂಡಮಾನ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅವರ ಮುಖ ಅರಳಿತು. ಶಾಲೆಯ ಪುಸ್ತಕದಲ್ಲಿ ಓದಿದ್ದಷ್ಟೇ ನೆನಪಿನಲ್ಲಿದ್ದ ಅವರಿಗೆ ಅಂಡಮಾನಿಗೆ ಹೋದವರೆಲ್ಲ ಸ್ವಾತಂತ್ರ್ಯ ಹೋರಾಟಗಾರರು. ಏನು ಮಾಡಿ ಹೋದ ಎಂದು ಕೇಳುವ ವ್ಯವಧಾನ ಅವರಿಗಿರಲಿಲ್ಲ, ಕೇಳಿದ್ದರೆ ನಾನು ಹೇಳುತ್ತಿದ್ದೆ. ನಮ್ಮೂರವರ ಸಂಘದ ವಾರ್ಷಿಕೋತ್ಸವ ಹತ್ತಿರ ಬಂದಿತ್ತು. ಅಹ್ಮದಿಯ ಎಣ್ಣೆ ಕಂಪೆನಿಯ ಇಂಜಿನಿಯರುಗಳೆಲ್ಲ ಬರುವ ಸಭೆ, ಅವರ ಮುಂದೆ ಧಣಿಗಳಿಗೆ ಯಾವಾಗಲೂ ಒಂದು ಕೈ ಕಡಿಮೆಯೇ. ಈಗ ಇಂಜಿನಿಯರುಗಳ ಮನೆಯಲ್ಲಿ ಇಲ್ಲದ ಸಾಮಾನು ತಮ್ಮ ಮನೆಯಲ್ಲಿ ಸಿಕ್ಕಿತು ಎಂದು ಅವರು ಊದಿಕೊಂಡರು.

ಸಭೆಯಲ್ಲಿ ಕಮಲಾಳನ್ನು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಬ್ರಿಟಿಷರ ಎದೆ ನಡುಗಿಸಿದ ಕೆಂಜಾಡಿಯ ವೀರನ ಕುಡಿ ಎಂದು ಧಣಿಗಳು ಕನ್ನಡದಲ್ಲಿ ಬಹಳ ಹೊತ್ತು ಮಾತಾಡಿದರು. ಪಾಪ, ಅವಳಿಗೆ ಒಂದಕ್ಷರ ತಿಳಿಯಲಿಲ್ಲ, ನಗುತ್ತಾ ಕುಳಿತಿದ್ದಳು. ಎರಡು ಮಾತಾಡಿ ಎಂದಾಗ ಎದ್ದು ಮೈಕಿನ ಮುಂದೆ ನಿಂತು ಎಲ್ಲರಿಗೂ ಅರ್ಥವಾಗುವ ಹಿಂದಿಯಲ್ಲಿ ನೆಟ್ಟಗೆ ಹೇಳಿದಳು.

“ನನ್ನ ಅಜ್ಜನ ಅಜ್ಜ ಒಬ್ಬ ಮನುಷ್ಯನನ್ನು ಕೊಂದ. ಕೋಳಿ ಕಾಳಗದಲ್ಲಿ ಜಗಳವಾಯಿತು, ತನ್ನ ಕೋಳಿಯ ಕಾಲಿನ ಕತ್ತಿ ಬಿಚ್ಚಿ ಅವನ ಕುತ್ತಿಗೆಗೆ ಹಾಕಿದ. ಸತ್ತವನದು ತಪ್ಪು ಅಂತ ಅಜ್ಜ ಯಾವತ್ತೂ ಹೇಳಲಿಲ್ಲವಂತೆ. ಅಜ್ಜನ ಜನರನ್ನು ನೋಡಿದೆ ಅಂತ ಅಪ್ಪನಿಗೆ ಹೇಳುತ್ತೇನೆ. ನಿಮಗೆಲ್ಲ ನಮಸ್ಕಾರ.”

ಅಭ್ಯಾಸ ಬಲದಿಂದ ಒಬ್ಬ ಇಂಜಿನಿಯರ್ ಚಪ್ಪಾಳೆ ಹೊಡೆಯಲು ಶುರು ಮಾಡಿ ಅರ್ಧದಲ್ಲಿ ನಿಲ್ಲಿಸಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಧಣಿಗಳ ಮುಖ ಹುಳ್ಳಗಾಯಿತು. ಅವರು ಮೈಕ್ ಕಿತ್ತುಕೊಂಡು ಜಿಲ್ಲೆಯಲ್ಲಿ ಕೆಂಜಾಡಿ ಎಂಬ ಹೆಸರಿನ ಬೇರೆ ಮನೆಗಳೂ ಇರಬಹುದು, ವಿಷಯ ಪರಿಶೀಲನೆಯಲ್ಲಿದೆ ಎಂದು ಘೋಷಿಸಿ ಮಕ್ಕಳ ನೃತ್ಯ ಶುರು ಮಾಡಿಸಿದರು. ಬೇರೆ ಕೆಂಜಾಡಿ ಇಲ್ಲವೆಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೊರಗೆ ವರಾಂಡದಲ್ಲಿ ಅವಳನ್ನು ತಡೆದು ನಿಲ್ಲಿಸಿ ಅವರು ಹಿಂದಿಯಲ್ಲಿ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ.

“ನೋಡಿ ಸಿಸ್ಟರ್, ಅವ ನಮ್ಮ ಮನೆಯವನೇ ಅಂತ ಇಟ್ಟುಕೊಳ್ಳುವ. ಆದ್ರೂ ನಮ್ಮಲ್ಲಿ ಗಂಡಿಗೆ ಹುಟ್ಟಿದ ಮಕ್ಕಳು ಮನೆಯ ಲೆಕ್ಕಕ್ಕಿಲ್ಲ. ನೀವು ಕೆಂಜಾಡಿಯವರಲ್ಲ. ನಮ್ಮ ಮನೆಯ ಮೆಟ್ಟಿಲು ಹತ್ತಲಿಕ್ಕೆ ನಿಮಗೆ ಯಾವ ಹಕ್ಕೂ ಇಲ್ಲ.”

ಅವರದೇ ಮಕ್ಕಳು ಒಳಗೆ ಕೆಂಜಾಡಿ ಎಂಬ ಹೆಸರು ಹೇಳಿಸಿಕೊಂಡು ನೃತ್ಯ ಮಾಡುತ್ತಿದ್ದವು. ನಾನು ಬಾಯಿ ತೆರೆಯಲಿಲ್ಲ, ಆ ದೇಶದಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ಅವರ ಕೈಯಲ್ಲಿತ್ತು. ಕಮಲಾ ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಮಡಚಿಟ್ಟು ಆಸ್ಪತ್ರೆಯ ಬಸ್ಸು ಹತ್ತಿದಳು. ಹಣ್ಣಿನ ಬುಟ್ಟಿ ಅವಳ ಕೈಯಲ್ಲೇ ಹೋಯಿತಲ್ಲ ಎಂದು ಧಣಿಗಳು ಮರುದಿನ ಗೊಣಗಿದರು.

ಆ ಬೇಸಗೆಯಲ್ಲಿ ಧಣಿಗಳ ತಾಯಿ ಅಪ್ಪಿಯಮ್ಮ ಮೊಮ್ಮಕ್ಕಳನ್ನು ನೋಡಲೆಂದು ಬಂದಿದ್ದರು. ನಮ್ಮ ಕಟ್ಟಳೆಯ ಪ್ರಕಾರ ಕೆಂಜಾಡಿಯ ಹಿರಿಯ ಹೆಣ್ಣು ಅವರೇ. ಮನೆ ಅವರದ್ದು, ಧಣಿಗಳು ಅವರ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಧಣಿಗಳಾದವರು. ಸಣ್ಣ ದೇಹ, ಒರಟು ಮಾತು, ಬಾಯಲ್ಲಿ ಯಾವಾಗಲೂ ಎಲೆಯಡಿಕೆ. ನನ್ನನ್ನು ಕಂಡರೆ ಅಪ್ಪ ಹೇಗಿದ್ದಾನೆ ಎಂದು ಕೇಳುತ್ತಿದ್ದರು, ಅವರ ಮಗ ಒಮ್ಮೆಯೂ ಕೇಳಿದ್ದಿಲ್ಲ. ಜುಲೈಯಲ್ಲಿ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಗಿ ಜಾಬ್ರಿಯಾದ ಅದೇ ಆಸ್ಪತ್ರೆಯಲ್ಲಿ, ಕಮಲಾ ಕೆಲಸ ಮಾಡುತ್ತಿದ್ದ ವಾರ್ಡಿನಲ್ಲೇ ಮಲಗಿದರು. ಧಣಿಗಳು ದಿನವೂ ಬಂದು ಡಾಕ್ಟರುಗಳ ಜೊತೆ ಜೋರಾಗಿ ಇಂಗ್ಲಿಷ್ ಮಾತಾಡಿ ಹೋಗುತ್ತಿದ್ದರು. ಕಮಲಾ ಅಲ್ಲೇ ನಿಂತಿದ್ದರೂ ಅವರಿಗೆ ಕಾಣುತ್ತಿರಲಿಲ್ಲ.

ಆಗಸ್ಟಿನ ಒಂದು ಗುರುವಾರ ಬೆಳಿಗ್ಗೆ ಎದ್ದರೆ ರಸ್ತೆಯಲ್ಲಿ ಇರಾಕಿನ ಟ್ಯಾಂಕುಗಳು. ನಮ್ಮ ಕಫೀಲ್ ಅಷ್ಟರಲ್ಲೇ ಸೌದಿಗೆ ಕಂಬಿ ಕಿತ್ತಿದ್ದ, ನಮ್ಮೆಲ್ಲರ ಪಾಸ್‌ಪೋರ್ಟು ಅವನ ಕಪಾಟಿನಲ್ಲಿ. ಧಣಿಗಳ ಪಾಸ್‌ಪೋರ್ಟು ಮಾತ್ರ ಅವರ ಹತ್ತಿರವೇ ಇತ್ತು, ಅದೂ ಒಂದು ಗುತ್ತಿನ ಮರ್ಯಾದೆ. ಟ್ಯಾಂಕು ನೋಡಿದ ದಿನವೇ ಅವರು ಬಾಗಿಲಿನ ಹಿತ್ತಾಳೆ ಫಲಕವನ್ನು ಬಿಚ್ಚಿ ಒಳಗಿಟ್ಟರು. ಇರಾಕಿನ ಸಿಪಾಯಿಗಳು ಕೆಂಜಾಡಿ ಗುತ್ತನ್ನೇ ಹುಡುಕಿಕೊಂಡು ಬಂದಿದ್ದಾರೆ ಎಂದು ಅವರಿಗೆ ಅನ್ನಿಸಿರಬೇಕು.

ಸೆಪ್ಟೆಂಬರಿನಲ್ಲಿ ನಮ್ಮ ಜನ ಬಸ್ಸಿನಲ್ಲಿ, ಕಾರಿನಲ್ಲಿ, ಸಿಕ್ಕ ಲಾರಿಯಲ್ಲಿ ಇರಾಕ್ ದಾಟಿ ಜೋರ್ಡಾನಿಗೆ ಹೊರಟರು. ಅಲ್ಲಿಂದ ಬೊಂಬಾಯಿಗೆ ವಿಮಾನವಿತ್ತು. ಧಣಿಗಳೂ ಹೊರಟರು. ಅವರದು ಹಡಗಿನಂಥ ಅಮೆರಿಕನ್ ಕಾರು. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಅಪ್ಪಿಯಮ್ಮನನ್ನು ಮಲಗಿಸಿದರೆ ಹೋಗಬಹುದು ಎಂದು ಡಾಕ್ಟರೇ ಹೇಳಿದ್ದರು. ಎತ್ತಿ ಇಳಿಸಲು ನಾನೂ ಬರುತ್ತೇನೆ, ಗಡಿಯಲ್ಲಿ ನನ್ನನ್ನು ತಡೆದರೆ ನಾನೊಬ್ಬನೇ ವಾಪಸು ಬರುತ್ತೇನೆ ಎಂದು ನಾನೂ ಹೇಳಿದೆ. ಮರುಭೂಮಿಯ ಸೆಕೆ ಅಮ್ಮನಿಗೆ ತಡೆಯದು, ಅಲ್ಲಿ ಡೇರೆಯಲ್ಲಿ ಮಲಗಬೇಕಂತೆ, ಇಲ್ಲಾದರೆ ಎಸಿ ಇದೆ ಎಂದರು ಧಣಿಗಳು. ಹೊರಡುವ ದಿನ ನೋಡಿದರೆ ಹಿಂದಿನ ಸೀಟಿನ ಅರ್ಧದಲ್ಲಿ ಮಕ್ಕಳು, ಉಳಿದರ್ಧದಲ್ಲಿ ಟಿವಿ, ವಿಸಿಆರ್, ಹೆಂಡತಿಯ ಬೆಳ್ಳಿ ಸಾಮಾನಿನ ಪೆಟ್ಟಿಗೆ. ತಾಯಿಗೆ ಹೇಳಿ ಹೋಗುವ ಮುಖವೂ ಅವರಿಗಿರಲಿಲ್ಲ.

“ಏ ಸುಂದರ, ಅಮ್ಮನನ್ನು ನೋಡ್ಕೊ ಮಾರಾಯ. ನೀ ಹೇಗೂ ಇಲ್ಲೇ ಇರ್ತಿಯಲ್ಲ, ನಮ್ಮ ಉಪ್ಪು ತಿಂದವ,” ಎಂದರು. ಕೇಳಿದರೆ ಬಸ್ರಾಕ್ಕೆ ಕೆಲಸದ ಮೇಲೆ ಹೋಗಿದ್ದಾರೆ ಎಂದು ಹೇಳಬೇಕಂತೆ.

ಬಸ್ರಾ ತಲುಪುವ ಮೊದಲೇ ಸಿಪಾಯಿಗಳು ಟಿವಿ, ವಿಸಿಆರ್ ಎರಡನ್ನೂ ಇಳಿಸಿಕೊಂಡರೆಂದು ಆಮೇಲೆ ತಿಳಿಯಿತು. ಯುದ್ಧದ ಅಷ್ಟು ತಿಂಗಳಲ್ಲಿ ನಾನು ಮನಸಾರೆ ಖುಷಿಪಟ್ಟ ಸುದ್ದಿ ಅದೊಂದು.

ನಾನು ಅಪ್ಪಿಯಮ್ಮನ ಹಾಸಿಗೆಯ ಬಳಿ ಹೋಗಿ ಬಸ್ರಾದ ಸುಳ್ಳನ್ನು ಅರ್ಧ ಹೇಳುವಷ್ಟರಲ್ಲಿ ಅವರು “ಬಲಿತ್ತೆನಾ?” ಎಂದು ತುಳುವಿನಲ್ಲಿ ಕೇಳಿದರು. ಓಡಿದನಾ ಎಂದು. ಹೌದು ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು, ಮಗನ ಹೆಸರನ್ನು ನನ್ನ ಮುಂದೆ ಮತ್ತೆ ಎತ್ತಲಿಲ್ಲ.

ನಾನು ಉಳಿದದ್ದು ಧೈರ್ಯದಿಂದಲ್ಲ. ಪಾಸ್‌ಪೋರ್ಟಿನ ಬದಲು ಎಂಬೆಸಿಯ ಕಾಗದ ಸಿಗುವಷ್ಟರಲ್ಲಿ ವಿಮಾನಗಳು ನಿಂತಿದ್ದವು. ಸ್ಟೋರಿನಲ್ಲಿ ಅಡಗಿಸಿಟ್ಟ ಅಕ್ಕಿ, ಬೇಳೆಯಲ್ಲಿ ನಾನೇ ಗಂಜಿ ಬೇಯಿಸಿ ಆಸ್ಪತ್ರೆಗೆ ಒಯ್ಯುತ್ತಿದ್ದೆ. ಕಮಲಾಳಿಗೆ ಹೋಗಲು ಎಲ್ಲವೂ ಇತ್ತು. ಜೊತೆಯ ನರ್ಸುಗಳು ಒಬ್ಬೊಬ್ಬರಾಗಿ ಹೊರಟರು, ಅವಳು ಹೊರಡಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಡ್ಯೂಟಿ ಹಾಕುವವರು ಯಾರೂ ಇಲ್ಲ, ಹಾಗಾಗಿ ನಿನ್ನ ಡ್ಯೂಟಿ ಮುಗಿಯಿತು ಎಂದು ಹೇಳುವವರೂ ಇಲ್ಲ ಎಂದು ನಕ್ಕಳು. ಏಳಲಾಗದ ರೋಗಿಗಳು ಆ ವಾರ್ಡಿನಲ್ಲಿ ಇನ್ನೂ ಇದ್ದರು, ಕೆಂಜಾಡಿಯ ಒಡತಿಯೂ ಅವರಲ್ಲೊಬ್ಬರು.

ಅಪ್ಪಿಯಮ್ಮನಿಗೆ ತುಳು ಬಿಟ್ಟರೆ ಬೇರೆ ಬರುತ್ತಿರಲಿಲ್ಲ, ಕಮಲಾಳಿಗೆ ತುಳು ಬರುತ್ತಿರಲಿಲ್ಲ. ಗಂಜಿ ತಂದ ನಾನು ಇಬ್ಬರ ನಡುವೆ ಸ್ಟೂಲಿನ ಮೇಲೆ ಕುಳಿತು ಅತ್ತಿಂದಿತ್ತ ಮಾತು ದಾಟಿಸುತ್ತಿದ್ದೆ. ಈ ಹುಡುಗಿ ಯಾರ ಮನೆಯವಳು ಎಂದು ಅಪ್ಪಿಯಮ್ಮ ಕೇಳಿದಾಗ ನಾನು ಕಮಲಾಳ ಮುಖ ನೋಡಿದೆ. ಅವಳು ಹೇಳು ಎಂದಳು. ಕೋಳಿಅಂಕದ ಕೊಲೆ, ಹಡಗು, ಸಂಘದ ಸಭೆ, ವರಾಂಡದ ಮಾತು ಎಲ್ಲವನ್ನೂ ಹೇಳಿದೆ. ಧಣಿಗಳ ಮಾತನ್ನು ಹೇಳುವಾಗ ಒಂದು ಶಬ್ದವನ್ನೂ ಮೆತ್ತಗೆ ಮಾಡಲಿಲ್ಲ.

ಎಲ್ಲ ಕೇಳಿದ ಅಪ್ಪಿಯಮ್ಮ ಅಗೆಲಿನ ಮಾತೆತ್ತಿದರು. ಕೆಂಜಾಡಿಯಲ್ಲಿ ಅಗೆಲಿನ ದಿನ ಒಳಗೆ ಹಿರಿಯರಿಗೆಲ್ಲ ಎಲೆ ಹಾಕಿ ದೀಪ ಹಚ್ಚುತ್ತಾರೆ. ಎಲ್ಲ ಮುಗಿದ ಮೇಲೆ ಅಂಗಳದ ಮೂಲೆಯಲ್ಲಿ ಇನ್ನೊಂದು ಎಲೆ ಹಾಕುತ್ತಾರೆ. ಅದಕ್ಕೆ ದೀಪವಿಲ್ಲ, ಹೆಸರು ಹೇಳುವುದೂ ಇಲ್ಲ. ಇದು ಯಾರಿಗೆ ಎಂದು ಸಣ್ಣವರಿದ್ದಾಗ ಅವರು ಅಜ್ಜಿಯನ್ನು ಕೇಳಿದ್ದರಂತೆ. “ಕಡಲ್‌ಗ್ ಪೋಯಿನಾಯಗ್,” ಕಡಲಿಗೆ ಹೋದವನಿಗೆ, ಎಂದು ಹೇಳಿ ಅಜ್ಜಿ ಬಾಯಿ ಮುಚ್ಚಿಸಿದ್ದರಂತೆ. ಯಾರೋ ಮೀನು ಹಿಡಿಯಲು ಹೋಗಿ ಮುಳುಗಿರಬೇಕು ಎಂದು ಇಷ್ಟು ಕಾಲ ಅಪ್ಪಿಯಮ್ಮ ಎಣಿಸಿದ್ದರು.

ಅದನ್ನು ನಾನು ಹಿಂದಿಯಲ್ಲಿ ಹೇಳಿದೆ. ಕಮಲಾ ಅಳಲಿಲ್ಲ. ಆ ಎಲೆಯಲ್ಲಿ ಏನೇನು ಬಡಿಸುತ್ತಾರೆ ಎಂದು ಕೇಳಿದಳು. ಕೋಳಿ, ರೊಟ್ಟಿ, ಒಂದು ತೊಟ್ಟು ಕಳ್ಳು ಎಂದು ಅಪ್ಪಿಯಮ್ಮ ಹೇಳಿದರು. ಕೋಳಿಯ ವಿಷಯದಲ್ಲೇ ಹೋದವನಿಗೆ ವರ್ಷಾವರ್ಷ ಕೋಳಿಯನ್ನೇ ಬಡಿಸಿದ್ದಾರಲ್ಲ ಎಂದು ಆಮೇಲೆ ಇಬ್ಬರೂ ನಕ್ಕರು. ತಾನು ಊರಿಗೆ ಹೋದ ವರ್ಷವೇ ಆ ಎಲೆಯನ್ನು ಒಳಗೆ ಹಾಕಿಸಿ ಹೆಸರು ಹೇಳಿಸುತ್ತೇನೆ, ಬೇಡ ಎನ್ನಲು ಯಾರಿದ್ದಾರೆ, ಮನೆ ನನ್ನದು ಎಂದು ಅಪ್ಪಿಯಮ್ಮ ಕಮಲಾಳ ಕೈ ಹಿಡಿದು ಮಾತು ಕೊಟ್ಟರು.

ಆದರೆ ಅವರು ಊರಿಗೆ ಹೋಗಲಿಲ್ಲ. ಜನವರಿಯ ಚಳಿಯಲ್ಲಿ, ಬಾಂಬು ಬೀಳಲು ಶುರುವಾಗುವ ಸ್ವಲ್ಪ ಮೊದಲು, ಎದೆಯಲ್ಲಿ ಕಫ ಕಟ್ಟಿತು. ಔಷಧ ಮುಗಿದಿತ್ತು. ಒಂದು ಬೆಳಿಗ್ಗೆ ನಾನು ಗಂಜಿಯೊಂದಿಗೆ ಹೋದಾಗ ಕಮಲಾ ಹಾಸಿಗೆಯ ಅಂಚಿನಲ್ಲಿ ಕುಳಿತು ಚಮಚದಲ್ಲಿ ಅವರ ಬಾಯಿಗೆ ನೀರು ಬಿಡುತ್ತಿದ್ದಳು. ತುಳಸಿಯ ಬದಲು ಆಸ್ಪತ್ರೆಯ ಹಿತ್ತಲಿನ ರೈಹಾನಿನ ಎಲೆಯೊಂದನ್ನು ಅದರಲ್ಲಿ ಹಾಕಿದ್ದಳು. ನಾಲ್ಕನೆಯ ಚಮಚದ ನೀರು ಒಳಗೆ ಹೋಗದೆ ಕೆನ್ನೆಗೆ ಇಳಿಯಿತು.

ಸುಡುವ ವ್ಯವಸ್ಥೆ ಅಲ್ಲಿ ಇರಲಿಲ್ಲ, ಹೆಣವನ್ನು ಊರಿಗೆ ಕಳಿಸಲು ವಿಮಾನವೂ ಇರಲಿಲ್ಲ. ಕೆಂಜಾಡಿಯ ಒಡತಿಯನ್ನು ಸಾರಿನ ವ್ಯಾನಿನಲ್ಲಿ ಮಲಗಿಸಿ ನಾನು, ಕಮಲಾ ಮತ್ತು ಆಸ್ಪತ್ರೆಯ ಒಬ್ಬ ಬಂಗಾಳಿ ಜಾಡಮಾಲಿ ಊರ ಹೊರಗೆ ಹೋದೆವು. ನಾಕಾದಲ್ಲಿ ಇರಾಕಿ ಸಿಪಾಯಿಯೊಬ್ಬ ಬಟ್ಟೆ ಸರಿಸಿ ಮುಖ ನೋಡಿ ತಾನೇ ಮತ್ತೆ ಮುಚ್ಚಿದ. ಮರಳು ತೋಡಿ ಹೂತೆವು. ಗುರುತಿಗೆ ಇರಲೆಂದು ನಾನು ನಮ್ಮ ಅಡುಗೆಮನೆಯ ಗ್ರೈಂಡರಿನ ಗುಂಡುಕಲ್ಲನ್ನು ತಂದಿದ್ದೆ, ಅದನ್ನು ತಲೆಯ ಕಡೆ ಇಟ್ಟೆವು. ಇಡೀ ಊರು ಬಗ್ಗಿ ನಡೆಯುತ್ತಿದ್ದ ಮನೆಯ ಹಿರಿಯ ಹೆಣ್ಣಿನ ತಲೆಗೆ ದೋಸೆ ಹಿಟ್ಟಿನ ಕಲ್ಲು. ಮಗನ ವಿಸಿಆರ್‌ಗೆ ಸೀಟು ಸಿಕ್ಕಿತ್ತಲ್ಲ ಎಂದು ನನಗೆ ಅಲ್ಲಿ ನಿಂತಾಗ ನೆನಪಾಯಿತು.

ಫೆಬ್ರವರಿಯ ಕೊನೆಗೆ ಯುದ್ಧ ಖಲಾಸ್. ಇರಾಕಿಗಳು ಹೋಗುವಾಗ ಬಾವಿಗಳಿಗೆ ಬೆಂಕಿ ಇಟ್ಟು ಹೋದರು. ಕಫೀಲ್ ಬಂದ, ಕಂಪೆನಿಯ ಬಾಗಿಲು ತೆರೆಯಿತು. ಜೂನ್‌ನಲ್ಲಿ ನಮ್ಮ ಧಣಿಗಳೂ ಬಂದಿಳಿದರು. ಕೆಲಸಕ್ಕೆ ಬಂದೆ ಎಂದು ಕಫೀಲನಿಗೆ ಹೇಳಿದರು, ಬಂದ ಕಾರಣ ಬೇರೆಯಿತ್ತು. ತಾಯಿ ಸತ್ತ ಸುದ್ದಿ ಊರಿಗೆ ಮುಟ್ಟಿದ ಮೇಲೆ ಅಕ್ಕತಂಗಿಯರು ಅವರನ್ನು ನಿಲ್ಲಿಸಿ ಕೇಳಿದ್ದರು. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಮೊದಲು ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದರು. ಕೊನೆಯ ನೀರು ಮನೆಯವರ ಕೈಯಿಂದ ಬಿದ್ದಿದ್ದರೆ ಅಪ್ಪಿಯಮ್ಮನನ್ನು ಒಳಗೆ ಹಿರಿಯರ ಸಾಲಿಗೆ ಸೇರಿಸಬಹುದು, ಹೊರಗಿನವರ ಕೈಯಿಂದ ಬಿದ್ದಿದ್ದರೆ ಅವರಿಗೂ ಅಂಗಳವೇ ಎಂದು ಅಲ್ಲಿ ಕಂಡುಬಂದಿತ್ತು. ಕೆಂಜಾಡಿಯ ಒಡತಿಗೆ ಅಂಗಳದ ಎಲೆ ಎಂದರೆ ಊರಿನಲ್ಲಿ ಧಣಿಗಳು ತಲೆ ಎತ್ತುವ ಹಾಗಿಲ್ಲ. ತಾಯಿಯನ್ನು ಯಾರ ಕೈಯಲ್ಲಿ ಬಿಟ್ಟು ಓಡಿದ ಎಂದು ದಾರಿಯಲ್ಲಿ ಹೋಗುವವರೂ ಕೇಳುತ್ತಿದ್ದರು.

ಅವರು ನೆಟ್ಟಗೆ ಆಸ್ಪತ್ರೆಗೆ ಹೋಗಿ ವಾರ್ಡಿನ ಬಾಗಿಲಲ್ಲಿ ಕೈಮುಗಿದು ನಿಂತರು. ಕಡೆಗೂ ಅವರ ಕಣ್ಣಿಗೆ ಕಮಲಾ ಕಂಡಳು. ಜಾಗ ತೋರಿಸಬೇಕೆಂದು ಕೇಳಿಕೊಂಡರು, ಅವಳು ಡ್ಯೂಟಿ ಮುಗಿಸಿ ಬಂದಳು. ನಾನು ವ್ಯಾನ್ ಓಡಿಸಿದೆ. ಹಗಲಿನಲ್ಲೇ ಕತ್ತಲಾಗಿತ್ತು, ದಕ್ಷಿಣದಲ್ಲಿ ಕೆಂಪಾಗಿ ಉರಿಯುತ್ತಿತ್ತು, ಗಾಜಿನ ಮೇಲೆ ಎಣ್ಣೆಯ ಹನಿ. ಧಣಿಗಳು ಗುಂಡುಕಲ್ಲಿನ ಮುಂದೆ ಮರಳಿಗೆ ಅಡ್ಡಬಿದ್ದರು. ಎದ್ದವರು ಮೊದಲು ಬಿಳಿ ಅಂಗಿಗೆ ಹತ್ತಿದ ಮಸಿಯನ್ನು ಕೊಡವಿಕೊಂಡರು. ಆಮೇಲೆ ಅಮ್ಮನ ಬಾಯಿಗೆ ನೀರು ಬಿಟ್ಟದ್ದು ಯಾರು ಎಂದು ಕೇಳಿದರು. ನಾನು ಎಂದಳು ಕಮಲಾ.

ಧಣಿಗಳ ಮುಖಕ್ಕೆ ಜೀವ ಬಂತು.

“ಹಾಗಾದರೆ ಸರಿಯಾಯಿತು. ನೀವು ನಮ್ಮ ಮನೆಯವರೇ ಸಿಸ್ಟರ್, ರಕ್ತ ಒಂದೇ. ಅವತ್ತು ನಾನು ಏನೋ ಹೇಳಿದೆ, ಮರೆತುಬಿಡಿ. ಕೆಂಜಾಡಿಯವಳಾಗಿ ನೀರು ಬಿಟ್ಟೆ ಅಂತ ನೀವು ಒಂದು ಮಾತು ಹೇಳಿ ಸಾಕು. ಅಂಗಳದ ಎಲೆಯನ್ನು ಈ ವರ್ಷವೇ ಒಳಗೆ ಹಾಕಿಸ್ತೇನೆ. ಹೆಸರು ಹೇಳಿಸ್ತೇನೆ. ನಿಮ್ಮ ತಂದೆಯವರನ್ನು ವಿಮಾನದಲ್ಲಿ ಕರೆಸ್ತೇನೆ.”

ಅಂಗಳದ ಎಲೆ ಯಾರಿಗೆ ಎಂದು ನಾವಿಬ್ಬರೂ ಅವರಿಗೆ ಹೇಳಿರಲಿಲ್ಲ, ಅದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ನನಗೆ ಹೊಳೆದದ್ದು ಆಗ. ವರಾಂಡದಲ್ಲಿ ಆ ಮಾತು ಹೇಳುವಾಗಲೂ ಗೊತ್ತಿತ್ತು. ಆದರೂ ಕಮಲಾ ಹ್ಞೂಂ ಎಂದುಬಿಡಲಿ ಎಂದೇ ಮನಸ್ಸಿನಲ್ಲಿ ಬೇಡಿಕೊಂಡೆ. ಅವಳಪ್ಪ ಕಾಯುತ್ತಿದ್ದ. ಒಂದು ಮಾತಿಗೆ ಎಲ್ಲವೂ ಸಿಗುತ್ತಿತ್ತು.

ಕಮಲಾ ಬಗ್ಗಿ ಕಲ್ಲಿನ ಮೇಲೆ ಕೂತಿದ್ದ ಮಸಿಯನ್ನು ಸೀರೆಯ ಸೆರಗಿನಿಂದ ಒರೆಸಿದಳು.

“ನಾನು ನರ್ಸ್. ರೋಗಿಗೆ ಬಾಯಾರಿತ್ತು, ನೀರು ಕೊಟ್ಟೆ. ಅಷ್ಟೇ ಬರೆಸಿಕೊಳ್ಳಿ,” ಎಂದಳು.

ಹಾಗಾದರೆ ಅಮ್ಮ ಅಂಗಳದಲ್ಲೇ ಉಳಿಯುತ್ತಾರೆ, ನಿಮಗೆ ಅವರ ಮೇಲೆ ಅಷ್ಟೂ ಕನಿಕರ ಇಲ್ಲವೇ ಎಂದು ಧಣಿಗಳು ಗದ್ಗದರಾದರು. ತಾಯಿಯ ಮೇಲಿನ ಕನಿಕರದ ಮಾತನ್ನು ಆ ಬಾಯಿಂದ ಕೇಳುವ ಭಾಗ್ಯವೂ ನನ್ನ ಹಣೆಯಲ್ಲಿ ಬರೆದಿತ್ತು.

“ಇರಲಿ. ಅಂಗಳದಲ್ಲಿ ನಮ್ಮ ಅಜ್ಜ ಇಷ್ಟು ವರ್ಷ ಒಬ್ಬನೇ ಇದ್ದಾನೆ. ಅಮ್ಮನಿಗೂ ಒಳಗಿನವರಿಗಿಂತ ಅವನ ಜೊತೆಯೇ ಇಷ್ಟವಾಗುತ್ತದೆ.”

ಧಣಿಗಳು ಇನ್ನೂ ಏನೇನೋ ಹೇಳಿದರು. ಅವಳು ವ್ಯಾನಿನಲ್ಲಿ ಹೋಗಿ ಕುಳಿತಳು. ವಾಪಸು ಬರುವಾಗ ಧಣಿಗಳು ಹಿಂದೆ ಖಾಲಿ ಪಾತ್ರೆಗಳ ನಡುವೆ ಕುಳಿತು ಮೂಗೊರೆಸಿಕೊಳ್ಳುತ್ತಿದ್ದರು. ಅವರನ್ನು ಸಿಟಿಯಲ್ಲಿ ಇಳಿಸಿ ಜಾಬ್ರಿಯಾದ ರಸ್ತೆ ಹಿಡಿದ ಮೇಲೆ, ಈಗ ಅಪ್ಪನಿಗೆ ಏನು ಹೇಳುತ್ತೀಯಮ್ಮ ಎಂದು ನಾನು ಕೇಳಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದಳು. ಆಸ್ಪತ್ರೆಯ ಗೇಟು ಬಂತು. ಇಳಿಯುವಾಗ ಬಾಗಿಲು ಹಿಡಿದುಕೊಂಡು ಹೇಳಿದಳು:

“ಮನೆ ಸಿಗಲಿಲ್ಲ ಅಂತ ಹೇಳುತ್ತೇನೆ. ಕೊಲೆಗಾರನ ಮಕ್ಕಳು ಅಂತ ಹೇಳಿಕೊಳ್ಳಲಿಕ್ಕೆ ನಮಗೆ ಯಾವತ್ತೂ ನಾಚಿಕೆ ಆದದ್ದಿಲ್ಲ, ಸುಂದರ್ ಭಾಯಿ. ಇವರ ಮನೆಯವರು ಅಂತ ಹೇಳಿಕೊಳ್ಳಲಿಕ್ಕೆ ನಾಚಿಕೆ ಆಗುತ್ತದೆ.”